ಮಾರ್ಚ್‌ನಲ್ಲೊಂದು ಅಕ್ಟೋಬರ್

"ಇದೇನು ಗುಡ್ಡವೋ, ಟೊಮೆಟೊ ರಾಶಿಯೋ?"

ಜೋಸೆಟ್ ಅದನ್ನು ಬೇಕೆಂದು ಜೋರಾಗಿ ಹೇಳಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಇನ್ನೂರ ನಲವತ್ತು ಶಾಲಾ ಮಕ್ಕಳಿಗೆ ಬೇಯಿಸಿ ಬಡಿಸಿ, ಪಾತ್ರೆಗಳನ್ನೆಲ್ಲ ಉಜ್ಜಿಟ್ಟು ಬಂದವಳ ಬಾಯಿಗೆ ಆ ಹೊತ್ತಿಗೆ ಕಾವಲಿರಲಿಲ್ಲ.

ಶಾಲೆಯ ಅಡುಗೆಮನೆಯ ಜೊತೆಗಾತಿ ಡಾಟ್, ತನ್ನ ಗಂಡ ವರ್ನನ್‌ಗೆ ಸೂಪಿನ ಡಬ್ಬಿ ತಲುಪಿಸು ಎಂದು ಅವಳನ್ನು ಕಳಿಸಿದ್ದಳು. ವರ್ನನ್ ಊರಿನ ರೈಲು ಮಾದರಿ ಕ್ಲಬ್ಬಿನ ಅಧ್ಯಕ್ಷ. ಹಳೆಯ ರೈಲು ನಿಲ್ದಾಣದ ನೆಲಮಾಳಿಗೆಯ ಆ ಕ್ಲಬ್ಬಿನಲ್ಲಿ, ಅವಳ ಮುಂದೆ ಈಗ ಅವಳದೇ ಊರು ಮೇಜಿನ ಮೇಲೆ ಹರಡಿಕೊಂಡಿತ್ತು. ಗೇಣುದ್ದದ ಚರ್ಚು, ಸೋಪಿನ ಡಬ್ಬಿಯಷ್ಟಿದ್ದ ಅಂಗಡಿಗಳು, ಸೇತುವೆಯ ಮೇಲೆ ಗುಡುಗುಡು ಓಡುವ ಪುಟ್ಟ ರೈಲು. ಗೋಡೆಯ ಮೇಲೊಂದು ಫಲಕ: 'ಇಲ್ಲಿ ಸದಾ 1956ರ ಅಕ್ಟೋಬರ್ ಆರು.'

ಎಲ್ಲವೂ ಚೆಂದ. ಆದರೆ ಊರ ಹಿಂದಿನ ಗುಡ್ಡ! ಕೆಂಪು ಉಂಡೆಗಳನ್ನು ಕಡ್ಡಿಗೆ ಚುಚ್ಚಿ ನೆಟ್ಟ ಹಾಗಿತ್ತು.

"ಟೊಮೆಟೊ ಅಲ್ಲ, ಅಕ್ಟೋಬರಿಗೆ ಎಲೆ ಕೆಂಪಾದ ಮೇಪಲ್ ಮರ," ಬೆನ್ನ ಹಿಂದಿನಿಂದ ಗಂಡಸಿನ ದನಿ ಬಂತು. "ಮಾಡಿದ್ದು ನಾನು."

ತಿರುಗಿದಳು. ಎತ್ತರದ ಆಳು, ಐವತ್ತು ದಾಟಿದ ಮುಖ, ಕೋಟಿನ ತುಂಬ ಮರದ ಹೊಟ್ಟು. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕತ್ತರಿಸುವ ಆಲ್ಡನ್ ಫೈಫೀಲ್ಡ್. ಊರಲ್ಲಿ ಅವನನ್ನು ನೆಲದ ಮೇಲೆ ನೋಡಿದವರಿಗಿಂತ ಮರದ ಮೇಲೆ ನೋಡಿದವರೇ ಹೆಚ್ಚು.

'ಅಯ್ಯೋ ದೇವರೇ... ನನ್ನ ಬಾಯಿಗಿಷ್ಟು ಬೆಂಕಿ ಹಾಕ!'

"ಕ್ಷಮಿಸಿ, ನಾನು..."

"ಕ್ಷಮೆ ಯಾಕೆ? ಇಪ್ಪತ್ತಾರು ವರ್ಷದಿಂದ ಮರ ಹತ್ತಿ ಇಳೀತಿದ್ದೀನಿ. ಇವು ಮರ ಅಲ್ಲ ಅಂತ ನನಗೂ ಗೊತ್ತು." ಅವನು ಕೈಗಳನ್ನು ಮುಂದೆ ಚಾಚಿದ. ಬೇರುಗಳಂಥ ದಪ್ಪ ಬೆರಳುಗಳು. ಎರಡರ ತುದಿ ಚಳಿಗೆ ಸತ್ತು ಬಿಳಿಚಿಕೊಂಡಿತ್ತು. "ಕಣ್ಣಿಗೆ ಗೊತ್ತಿರೋದು ಇವಕ್ಕೆ ಬರಲ್ಲ. ನಿಮ್ಮ ಕೈ ತೋರಿಸಿ."

ಯಾಕೆಂದು ಕೇಳದೆ ತೋರಿಸಿದಳು. ಬಿಸಿನೀರಿಗೆ ಕೆಂಪಾದ, ಚಾಕುವಿನ ಹಳೆಯ ಗಾಯಗಳಿದ್ದ ಸಣ್ಣ ಕೈಗಳು. ಅವನು ಮುಟ್ಟಲಿಲ್ಲ. ನೋಡಿದ, ಅಷ್ಟೇ. ಆದರೂ ಅವಳ ಕಿವಿ ಬಿಸಿಯಾಯಿತು!

"ಒಂದು ಮರ ಮಾಡಿ ನೋಡ್ತೀರಾ?"

"ನಾನು ಕೂತರೆ ನಿದ್ದೆ ಹೋಗ್ತೀನಿ, ಆಲ್ಡನ್."

"ಹಾಗಾದ್ರೆ ನಿಂತ್ಕೊಂಡೇ ಮಾಡಿ."

ಅವಳು ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

*

ವರ್ಮಾಂಟ್ ರಾಜ್ಯದ ಆ ಚಳಿಗಾಲದಲ್ಲಿ ಹೊರಗೆ ಸೊಂಟದವರೆಗೆ ಹಿಮ; ನೆಲಮಾಳಿಗೆಯ ಒಳಗೆ ಮಾತ್ರ ಎಲೆ ಕೆಂಪಾಗುತ್ತಿತ್ತು.

ಮಂಗಳವಾರ ಮತ್ತು ಗುರುವಾರ ಕೆಲಸ ಮುಗಿದ ಮೇಲೆ ಅವಳು ಅಲ್ಲಿಗೆ ಹೋಗುತ್ತಿದ್ದಳು. ರಸ್ತೆಬದಿಯಲ್ಲಿ ಹಿಮದ ಮೇಲೆ ತಲೆಯೆತ್ತಿ ಒಣಗಿ ನಿಂತ ಗೋಲ್ಡನ್‌ರಾಡ್ ಎಂಬ ಕಳೆಗಿಡವನ್ನು ಕತ್ತರಿಸಿ ತರುವುದು. ಒಣಹೂವಿನ ಆ ನವಿರು ಕವಲುಗಳೇ ಮರದ ಕೊಂಬೆಗಳು. ಅದಕ್ಕೆ ಕಂದುಬೂದು ಬಣ್ಣ, ಮೇಲೆ ಅಂಟು, ಅದರ ಮೇಲೆ ಒಣಗಿದೆಲೆಯನ್ನು ಮಿಕ್ಸರ್‌ನಲ್ಲಿ ಪುಡಿಮಾಡಿ ಹಿಟ್ಟಿನ ಜರಡಿಯಲ್ಲಿ ಉದುರಿಸುವುದು.

"ಪೂರ್ತಿ ಕೆಂಪು ಬೇಡ," ಆಲ್ಡನ್ ಪಕ್ಕದಲ್ಲಿ ನಿಂತು ಹೇಳುತ್ತಿದ್ದ. "ಮರ ಮೇಲಿಂದ, ಹೊರಗಿಂದ ಕೆಂಪಾಗುತ್ತೆ. ಕಾಂಡದ ಹತ್ತಿರ ಹಸಿರು ಕೊನೇವರೆಗೂ ಹಟ ಹಿಡಿದು ಕೂತಿರುತ್ತೆ."

"ಮತ್ತೆ ಓಕ್?"

"ಅದು ಸೋಮಾರಿ. ಅಕ್ಟೋಬರ್ ಆರಕ್ಕೆ ಅದಕ್ಕಿನ್ನೂ ಎಚ್ಚರವೇ ಆಗಿರಲ್ಲ. ಹಸಿರೇ ಇರಲಿ."

ಕಾಂಡದಲ್ಲಿ ದುಂಡನೆಯ ಗಂಟಿರುವ ಕಡ್ಡಿಗಳನ್ನೇ ಅವಳು ಹುಡುಕಿ ತರುತ್ತಿದ್ದಳು. ಹಳೆಯ ಮೇಪಲ್ ಮರದ ಬುಡದ ಗಂಟಿನ ಹಾಗೇ ಕಾಣುತ್ತಿತ್ತು ಅದು!

"ಒಂದು ಮಾತು," ಮೊದಲ ವಾರವೇ ಅವನು ಎಚ್ಚರಿಸಿದ್ದ. "ಹೊರಗಿಂದ ತಂದ ಗಿಡವನ್ನ ಸಣ್ಣ ಉರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟೇ ಒಳಗೆ ತರಬೇಕು. ಹಿಂದೊಮ್ಮೆ ಯಾರೋ ತಂದ ಪಾಚಿಯಿಂದ ಹುಳ ಬಿದ್ದು ಮರದ ಸೇತುವೆಯೇ ಹಾಳಾಯ್ತು. ಅವತ್ತಿಂದ ವರ್ನನ್ ಕಾನೂನು ಮಾಡಿದ್ದಾರೆ. ತಪ್ಪಿದೋರು ಒಂದು ವರ್ಷ ಬೀಗದ ಕೈ ಕೊಟ್ಟು ಹೊರಗಿರಬೇಕು."

"ಸರಿ ಸರಿ, ಇಡ್ತೀನಿ," ಅಂದಿದ್ದಳು.

ಮಾರ್ಚ್ ಬರುವಷ್ಟರಲ್ಲಿ ಗುಡ್ಡದ ಮೇಲೆ ಅವಳ ನಲವತ್ತು ಮರಗಳು ನಿಂತವು. ಒಂದರಂತೆ ಇನ್ನೊಂದಿಲ್ಲ. ಬುಡದಲ್ಲಿ ಉದುರಿದೆಲೆಯ ಚಾಪೆ.

ಅವಳು ದಿನವೂ ಏನೇನು ಮಾಡಿದರೂ ಮಧ್ಯಾಹ್ನ ಒಂದಕ್ಕೆ ತಟ್ಟೆ ಖಾಲಿ. ನಲವತ್ತೊಂಬತ್ತು ವರ್ಷಕ್ಕೆ ಮೊದಲ ಬಾರಿ, ಅವಳ ಕೈಯಿಂದ ಹೊರಟದ್ದೊಂದು ಮಾರನೆಯ ದಿನವೂ ಅಲ್ಲೇ ಇತ್ತು.

ಅದೂ, 'ಇದು ನನ್ನದು' ಅನ್ನುವ ಹಾಗೆ. ಹಿಂದೆ ಅವಳು ಮತ್ತು ಅವಳ ಗಂಡ ರೇಮಂಡ್ ಸೇರಿ ಒಂದು ಊಟದ ಹೋಟೆಲು ನಡೆಸುತ್ತಿದ್ದರು. ಸೇಬಿನ ಪೈ ಅವಳದು, ಜಾತ್ರೆಯಲ್ಲಿ ಬಹುಮಾನದ ರಿಬ್ಬನ್ ಕಟ್ಟಿಸಿಕೊಂಡವನು ಅವನು. "ಮಾಡಿದ್ದು ನಾನೇ," ಎಂದು ನಗುತ್ತಾ ಹೇಳಿದ್ದ, ಹಿಟ್ಟು ಮೆತ್ತಿದ ಅವಳ ಕೈ ಪಕ್ಕದಲ್ಲೇ ಇದ್ದಾಗ. ವಿಚ್ಛೇದನವಾಗಿ ಹನ್ನೊಂದು ವರ್ಷ ಕಳೆದರೂ ಆ ಎರಡು ಪದ ಅವಳಿಗೆ ಮರೆತಿರಲಿಲ್ಲ.

'ಆಲ್ಡನ್ ಹಾಗಲ್ಲ...' ಈಚೆಗೆ ಅವಳ ಮನಸ್ಸು ಸುಮ್ಮಸುಮ್ಮನೆ ಹೇಳುತ್ತಿತ್ತು. 'ಅವನು ಹಾಗಲ್ಲ.'

*

ಆ ಮಂಗಳವಾರ ಅವಳು ಕ್ಲಬ್ಬಿಗೆ ಹೋಗಲಿಲ್ಲ. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬೂಟು ಬಿಚ್ಚಲೂ ತ್ರಾಣವಿಲ್ಲದೆ ಸೋಫಾದ ಮೇಲೆಯೇ ಮಲಗಿಬಿಟ್ಟಳು.

ಮಾರನೆಯ ಬೆಳಿಗ್ಗೆ ಡಾಟ್ ಆಲೂಗಡ್ಡೆ ಸುಲಿಯುತ್ತಾ ಶುರುಮಾಡಿದಳು. "ಅಲ್ಲ ಕಣೇ, ಆ ಗುಡ್ಡದ ಮರ ನೀನು ಮಾಡ್ತಿದ್ದೆ ಅಂದ್ಕೊಂಡಿದ್ದೆ ನಾನು!"

"ನಾನೇ ಮಾಡಿದ್ದು. ಯಾಕೆ?"

"ನಿನ್ನೆ ಮೀಟಿಂಗ್‌ನಲ್ಲಿ ಅದರ ಮಾತು ಬಂತಂತೆ. ಆಲ್ಡನ್ ಎದ್ದು ನಿಂತು, 'ನಲವತ್ತೂ ನನ್ನವೇ, ಮಾಡಿದ್ದು ನಾನೇ' ಅಂದನಂತೆ. ನಮ್ಮೆಜಮಾನ್ರು ಅಷ್ಟು ಹೇಳಿ ಗೊರಕೆ ಹೊಡೆದ್ರು. ಮುಂದೆ ಕೇಳೋಣ ಅಂದ್ರೆ ಎದ್ದರಲ್ಲವಾ!"

ಜೋಸೆಟ್ ಕೈಯಲ್ಲಿದ್ದ ಚಾಕು ನಿಂತಿತು.

'ಮಾಡಿದ್ದು ನಾನೇ.'

ಮಧ್ಯಾಹ್ನ ನೇರ ನೆಲಮಾಳಿಗೆಗೆ ನಡೆದಳು. ಗುಡ್ಡ ಬೋಳಾಗಿತ್ತು! ನಲವತ್ತು ತೂತುಗಳು, ಸುತ್ತ ಒಂದಿಷ್ಟು ಕೆಂಪು ಪುಡಿ. ಅವಳ ಮರಗಳಲ್ಲಿ ಒಂದೂ ಇರಲಿಲ್ಲ.

ಹೊರಗೆ ಬಂದಾಗ ಆಲ್ಡನ್‌ನ ಟ್ರಕ್ಕು ಕಿರಾಣಿ ಅಂಗಡಿಯ ಮುಂದೆ ನಿಂತಿತ್ತು. ಅವಳನ್ನು ಕಂಡವನೇ ಇಳಿದ. ಕಣ್ಣ ಕೆಳಗೆ ಕಪ್ಪು.

"ಮರ ಎಲ್ಲಿ?"

"ನನ್ನ ಮನೇಲಿವೆ. ಜೋಸೆಟ್, ಅದು..."

"ಯಾರು ಮಾಡಿದ್ದು ಅಂತ ಕೇಳಿದಾಗ ಏನಂದ್ರಿ?"

ಅವನು ಕೆಸರಿನ ರಸ್ತೆ ನೋಡಿದ. ಅವಳ ಬಾಡಿದ ಮುಖ ನೋಡಿದ.

"ನಾನೇ ಅಂದೆ."

"ಸಾಕು!"

"ಒಂದು ನಿಮಿಷ ಕೇಳಿ..."

"ಕೇಳಿದ್ದೀನಿ, ಆಲ್ಡನ್. ಹನ್ನೊಂದು ವರ್ಷದ ಹಿಂದೇನೇ ಪೂರ್ತಿ ಕೇಳಿ ಮುಗಿಸಿದ್ದೀನಿ."

ಅಳು ಬರಲಿಲ್ಲ. ಅಳುವುದಕ್ಕೂ ಒಂದು ಶಕ್ತಿ ಬೇಕು. ಮನೆಗೆ ಹೋಗಿ ಜರಡಿಯನ್ನು ತೊಳೆದು, ಒರೆಸಿ, ಅಡುಗೆಯ ಕಪಾಟಿನಲ್ಲಿ ಇಟ್ಟಳು. ಇನ್ನು ಅದು ಹಿಟ್ಟಿಗೇ.

ಆ ವಾರ ಎರಡು ಬಾರಿ ಅವನು ಫೋನ್ ಮಾಡಿದ. ಅವಳು ಎತ್ತಲಿಲ್ಲ. ಆದರೆ ಗುರುವಾರ ಕಾಲು ತಾನಾಗಿಯೇ ನಿಲ್ದಾಣದ ದಾರಿಗೆ ಹೊರಳಿತು! ಅವಳು ಅದನ್ನು ಬೈದು ಮನೆಗೆ ತಿರುಗಿಸಿದಳು.

*

ಮುಂದಿನ ಶನಿವಾರ ಬೆಳಿಗ್ಗೆ, ಬೀಗದ ಕೈ ವಾಪಸು ಕೊಟ್ಟು ಬಿಡೋಣವೆಂದು ಕ್ಲಬ್ಬಿಗೆ ಹೋದಳು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದ ವರ್ನನ್.

"ನೀನೂ ಕೊಡ್ತಿದ್ದೀಯೇನಮ್ಮ ಕೀಲಿ? ಆಲ್ಡನ್‌ದು ಬಂತು, ಈಗ ನಿನ್ನದು. ಏಪ್ರಿಲ್ ಪ್ರದರ್ಶನಕ್ಕೆ ಬೋಳುಗುಡ್ಡ ತೋರಿಸ್ಲಾ ನಾನು?"

"ಆಲ್ಡನ್‌ದು? ಯಾಕೆ?"

"ಯಾಕಂದ್ರೆ? ನೊಣ! ಡಾಟ್ ಹೇಳಲಿಲ್ವಾ?" ಅವರು ಎಣ್ಣೆ ಬಾಟಲಿ ಕೆಳಗಿಟ್ಟರು. "ಆ ಗುಡ್ಡದ ಕೆಲವು ಮರದ ಗಂಟಿನೊಳಗೆ ಹುಳ ಮಲಗಿತ್ತು. ಇಲ್ಲಿನ ಕಾವಿಗೆ ವಸಂತ ಬಂತು ಅಂದ್ಕೊಂಡು ಗಂಟು ಕೊರೆದು ಹೊರಗೆ ಬಂದವು. ಅವತ್ತು ಮಂಗಳವಾರ ನೋಡ್ತೀನಿ, ಚರ್ಚಿನ ಗೋಪುರದ ಮೇಲೆ ನೊಣ! ನಮ್ಮ ಅಳತೆಗೆ ಅದು ಹದ್ದಾಯ್ತು. ರೈಲಿನ ಮೇಲೆ ನಾಲ್ಕು ಹದ್ದು! ಯಾರ ಕೆಲಸ ಇದು ಅಂತ ಕೂಗಾಡಿದೆ. ಆಲ್ಡನ್ ಎದ್ದು ನಿಂತ. 'ನಲವತ್ತೂ ನನ್ನವೇ, ಓವನ್‌ನಲ್ಲಿಡೋದು ಮರೆತೆ' ಅಂದ. ಹತ್ತೊಂಬತ್ತು ವರ್ಷದ ಸದಸ್ಯ. ಮರು ಮಾತಿಲ್ಲದೆ ಕೀಲಿ ಮೇಜಿನ ಮೇಲಿಟ್ಟು, ಮರ ಒಂದೊಂದೇ ಕಿತ್ಕೊಂಡು ಹೋದ. ಇಂಥ ತಪ್ಪು ಅವನು ಮಾಡೋನಲ್ಲ..."

ಜೋಸೆಟ್ ಗೋಡೆಗೆ ಒರಗಿದಳು.

ಓವನ್. ಎರಡು ಗಂಟೆ.

ಫೆಬ್ರವರಿಯ ಆ ಸಂಜೆ ಕಣ್ಣಿಗೆ ಕಟ್ಟಿತು. ಕಡ್ಡಿಗಳ ಕಟ್ಟನ್ನು ಅಡುಗೆಕಟ್ಟೆಯ ಮೇಲಿಟ್ಟು ಓವನ್ ನೋಡಿದ್ದಳು. ದಿನವೆಲ್ಲ ಓವನ್ ಮುಂದೆ ನಿಂತವಳಿಗೆ, ಇನ್ನೊಂದು ಓವನ್ ಹೊತ್ತಿಸಿ ಎರಡು ಗಂಟೆ ಎಚ್ಚರ ಇರುವುದನ್ನು ನೆನೆದೇ ಸುಸ್ತಾಗಿತ್ತು. 'ಹಿಮದಲ್ಲಿ ಒಣಗಿದ ಕಡ್ಡಿ, ಇದರಲ್ಲೇನು ಜೀವ ಇರತ್ತೆ!' ಅಂದುಕೊಂಡು ಮಲಗಿದ್ದಳು. ಮಾರನೆಯ ದಿನ ಅವನು ಕೇಳಿದಾಗ, "ಹೂಂ, ಇಟ್ಟೆ," ಅಂದಿದ್ದಳು. ಎರಡೇ ಪದ.

ರೇಮಂಡ್ ಹೇಳಿದ್ದೂ ಎರಡೇ ಪದ...

'ಆಲ್ಡನ್‌ಗೆ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದ್ದು ಗೊತ್ತಾಗಿಯೂ...'

"ವರ್ನನ್," ಅವಳು ಗೋಡೆ ಬಿಟ್ಟು ಮುಂದೆ ಬಂದಳು. "ಅವನ ತಪ್ಪಲ್ಲ. ಆ ಮರ ನನ್ನವು."

"ಏನಂದೆ? ನೀನು ಅವನಿಗೆ ಕೈಜೋಡಿಸ್ತಿದ್ದೀಯ ಅಂತಷ್ಟೇ ನಾನಂದ್ಕೊಂಡಿದ್ದು!"

"ನಲವತ್ತೂ ನಾನು ಮಾಡಿದ್ದು. ಮರ ನನ್ನವು ಅಂದ ಮೇಲೆ ಹುಳವೂ ನನ್ನದೇ. ಒಂದು ಕಟ್ಟು ಓವನ್‌ನಲ್ಲಿ ಇಡಲಿಲ್ಲ, ಇಟ್ಟೆ ಅಂತ ಅವನಿಗೆ ಸುಳ್ಳು ಹೇಳಿದೆ. ತಗೊಳ್ಳಿ ನನ್ನ ಕೀಲಿ. ಅವನ ಕೀಲಿ ಅವನಿಗೆ ಕೊಡಿ."

ವರ್ನನ್ ಕನ್ನಡಕ ತೆಗೆದು ಒರೆಸಿದರು. "ಮೂವತ್ತು ವರ್ಷದ ಅಧ್ಯಕ್ಷಗಿರಿಯಲ್ಲಿ ತಪ್ಪು ನಂದಲ್ಲ ನಂದಲ್ಲ ಅಂದೋರನ್ನ ಬೇಕಾದಷ್ಟು ನೋಡಿದ್ದೀನಿ," ಗೊಣಗಿದರು. "ನೊಣಕ್ಕೆ ಇಬ್ಬರು ಕಿತ್ತಾಡೋದನ್ನ ಇವತ್ತೇ ನೋಡಿದ್ದು. ಕಾನೂನು ಕಾನೂನೇ, ನಿನ್ನ ಕೀಲಿ ವರ್ಷ ಕಳೆದೇ ಸಿಗೋದು. ಅವನದ್ದು ತಗೊಂಡು ಹೋಗು. ಓಡು!"

*

ಆಲ್ಡನ್‌ನ ಮನೆಯ ದಾರಿಯಲ್ಲಿ ಹಿಮ ಕರಗಿ ಮೊಣಕಾಲುದ್ದ ಕೆಸರು. ಕಾರು ಅರ್ಧದಲ್ಲೇ ಹೂತುಕೊಂಡಿತು. ಅವಳು ಇಳಿದು ನಡೆದಳು.

ಬಾಗಿಲು ತೆರೆದವನ ಕೈಯಲ್ಲಿ ಚಿಮಟ, ಗಲ್ಲದ ಮೇಲೆ ಕೆಂಪು ಪುಡಿ. ಹಿಂದೆ ಅಡುಗೆಮನೆಯಲ್ಲಿ ಮೊಟ್ಟೆಯ ರಟ್ಟುಗಳಲ್ಲಿ ಸಾಲಾಗಿ ಅವಳ ಮರಗಳು. ಓವನ್‌ನ ಗಾಜಿನೊಳಗೆ ಇನ್ನೂ ಎಂಟು. ಕೆಲವು ಬಿಸಿಗೆ ಕಂದಿದ್ದವು. ಉದುರಿದೆಲೆಯನ್ನು ಅವನು ಮತ್ತೆ ಅಂಟಿಸಲು ಹೋಗಿ ಒಂದೆರಡನ್ನು ಟೊಮೆಟೊ ಮಾಡಿದ್ದ.

"ವರ್ನನ್ ಎಲ್ಲ ಹೇಳಿದ್ರು," ಅವನ ಕೀಲಿಯನ್ನು ಚಾಚುತ್ತಾ ಅಂದಳು. ಏದುಸಿರು. "ನನ್ನ ತಪ್ಪು ಅಂತ ನನಗೇ ಯಾಕೆ ಹೇಳಲಿಲ್ಲ? ಅವತ್ತು ಅಂಗಡಿ ಮುಂದೆ ಅಷ್ಟು ಬೈದೆ. ಒಂದು ಮಾತು ಹೇಳಿದ್ರೆ ಮುಗೀತಿತ್ತು!"

"ಹೇಳಬೇಕು ಅಂತಾನೇ ಇಳಿದೆ. ನಿಮ್ಮ ಮುಖ ನೋಡಿದೆ. ಅಷ್ಟು ಸುಸ್ತಾಗಿದ್ರಿ... ಅದರ ಮೇಲೆ ಇದನ್ನೊಂದು ಹೊರಿಸೋಕೆ ಮನಸ್ಸು ಬರಲಿಲ್ಲ."

"ಸುಳ್ಳು ಹೇಳಿದ್ದೆ ನಿಮಗೆ."

"ನಾನೂ ಸಾಚಾ ಅಲ್ಲ." ಅವನು ಚಿಮಟವನ್ನು ತಿರುಗಿಸುತ್ತಾ ನಿಂತ. "ಗಂಟಿನ ಕಡ್ಡಿಯೊಳಗೆ ಹುಳ ಇರುತ್ತೆ ಅಂತ ನನಗೆ ಗೊತ್ತು. ನೋಡಿದ ದಿನವೇ ಬೇಡ ಅನ್ನಬೇಕಿತ್ತು. ನೀವು ಅದನ್ನ ಹಿಡ್ಕೊಂಡು, 'ನೋಡಿ ಆಲ್ಡನ್, ಅಜ್ಜ ಮರ!' ಅಂತ ನಕ್ಕಿರಿ. ಆ ನಗು ಕಂಡ ಮೇಲೆ ಬಾಯಿ ಬರಲಿಲ್ಲ. ಆಗಿಂದ ನಾನು ಕೆಟ್ಟೆ, ಜೋಸೆಟ್."

"ಕೆಟ್ಟೆ ಅಂದ್ರೆ?"

"ಹೆಂಡತಿ ಹೋದ ಮೇಲೆ ಆರು ವರ್ಷ ಯಾರ ದಾರಿಯನ್ನೂ ಕಾದವನಲ್ಲ. ಈಗ ಮಂಗಳವಾರ ಬಂದ್ರೆ ಮರದ ಮೇಲಿಂದಾನೇ ನಿಲ್ದಾಣದ ಕಡೆ ನೋಡ್ತೀನಿ. ಮೊನ್ನೆ ಒಂದು ಕೊಂಬೆ ಬಿಟ್ಟು ಇನ್ನೊಂದನ್ನ ಕತ್ತರಿಸಿಬಿಟ್ಟೆ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ, ವಾರವಿಡೀ ಬಾರದಿದ್ದ ಅಳು ಬಂತು. ನಿಂತಲ್ಲೇ ಅತ್ತಳು, ಕೆಸರು ಬೂಟಿನಲ್ಲಿ. ಅವನು ಹತ್ತಿರ ಬಂದು, ಒಡೆದೀತೇನೋ ಎಂಬಂತೆ, ಆ ದಪ್ಪ ಬೆರಳುಗಳಿಂದ ಅವಳ ಕೆನ್ನೆ ಒರೆಸಿದ.

"ನನಗೆ ತುಂಬಾ ಸುಸ್ತಾಗಿದೆ, ಆಲ್ಡನ್. ಇವತ್ತಿನದಲ್ಲ... ಎಷ್ಟೋ ವರ್ಷದ್ದು. ಪ್ರೀತಿ ಗೀತಿ ಅಂತ ಓಡಾಡೋ ಶಕ್ತಿ ನನಗಿದೆಯೋ ಇಲ್ವೋ, ಗೊತ್ತಿಲ್ಲ."

"ಓಡಾಡು ಅಂತ ಯಾರಂದ್ರು? ಬೂಟು ಬಿಚ್ಚು. ಕುರ್ಚಿ ಆ ಕಡೆ ಇದೆ."

ಅವಳು ಕುಳಿತಳು. ಅವನು ಬಾಣಲೆ ಒಲೆಯ ಮೇಲಿಟ್ಟು, ದೋಸೆಯಂಥ ಪ್ಯಾನ್‌ಕೇಕಿಗೆ ಹಿಟ್ಟು ಕಲಸತೊಡಗಿದ. ಗಂಟುಗಂಟಾಗಿ. ಅಭ್ಯಾಸಬಲದಿಂದ ಅವಳು ಎದ್ದಳು.

"ಕೊಡು, ನಾನು ಮಾಡ್ತೀನಿ."

"ಬೇಡ. ಕೂತ್ಕೋ."

"ಅಂಚು ಸೀಯ್ತಾ ಇದೆ!"

"ಸೀಯಲಿ. ನಿನಗೆ ಬೇರೆಯವರು ಬಡಿಸಿ ಎಷ್ಟು ದಿನ ಆಯ್ತು?"

ಯೋಚಿಸುತ್ತಾ ಮತ್ತೆ ಕುಳಿತಳು. ನಿಧಾನವಾಗಿ ಕುರ್ಚಿಗೆ ಬೆನ್ನು ಒರಗಿಸಿ, ಕಣ್ಣು ಮುಚ್ಚಿದಳು.

"ನಿದ್ದೆ ಬಂದುಬಿಟ್ರೆ?"

"ತಟ್ಟೆ ಮುಚ್ಚಿಡ್ತೀನಿ."

"ತಣ್ಣಗಾಗುತ್ತೆ..."

"ಎದ್ದ ಮೇಲೆ ಬಿಸಿಯಾಗಿ ಇನ್ನೊಂದು ಹಾಕ್ತೀನಿ. ಮಲಗು, ಜೋಸೆಟ್."