ತಪ್ಪು ಹುಡುಕದ ಮೇಷ್ಟ್ರು

"ನಾನು ಬರೆದಿದ್ದನ್ನ ನೀವು ಓದಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು!"

ಗ್ರಂಥಾಲಯದಲ್ಲಿ ಹೆಂಗಸರಿಗೆಂದೇ ನಡೆಯುವ ಶನಿವಾರದ ಕಂಪ್ಯೂಟರ್ ತರಗತಿ ಗಕ್ಕನೆ ನಿಂತಿತು. ಬಾಗಿಲಲ್ಲಿದ್ದವಳು ಅದೇ ಗ್ರಂಥಾಲಯದ ಕೌಂಟರ್ ನೋಡಿಕೊಳ್ಳುವವಳು, ಆ ತರಗತಿಯಲ್ಲೇ ಕಲಿತವಳು. ಬೋರ್ಡಿನ ಮುಂದೆ ನಿಂತಿದ್ದವನು ಆ ದಿನದ ಅತಿಥಿ, ಮೇಷ್ಟ್ರು. ಆರು ತಿಂಗಳಿಂದ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದರೂ ಮುಖ ನೋಡಿದ್ದು ಇದೇ ಮೊದಲು.

ಅವನೇನು ಶಾಲೆಯ ಮೇಷ್ಟ್ರಲ್ಲ. ಗ್ರಂಥಾಲಯಗಳಿಗಾಗಿ ಹತ್ತಾರು ಜನ ಸೇರಿ ಬರೆಯುತ್ತಿದ್ದ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದರ ಉಸ್ತುವಾರಿ ಅವನದು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವನು ಇವನು. ಒಂದು ಅಲ್ಪವಿರಾಮ ತಪ್ಪಿದರೂ ಬಿಡುವವನಲ್ಲವೆಂದು 'ಮೇಷ್ಟ್ರು' ಎಂಬ ಅಡ್ಡಹೆಸರು ಬಿದ್ದಿತ್ತು.

ಆದರೆ ಆರು ತಿಂಗಳಿಂದ ಬರೆದು ಕಳಿಸುತ್ತಿದ್ದ ಅವಳಿಗೆ ಮಾತ್ರ... ಒಂದೇ ಒಂದು ತಪ್ಪನ್ನೂ ತೋರಿಸಿರಲಿಲ್ಲ!

"ತುಂಬಾ ಚೆನ್ನಾಗಿದೆ ಮೇಡಂ!" ಪ್ರತಿಸಲವೂ ಅದೇ ಸಾಲು. "ನಿಂಗೇನು ತಿಳಿಯುತ್ತೆ" ಎಂದು ಗಂಡನಿಂದ ಏಳು ವರ್ಷ ಅನ್ನಿಸಿಕೊಂಡು, ಎರಡು ಸೂಟ್‌ಕೇಸ್ ಹಿಡಿದು ತವರಿಗೆ ಮರಳಿದವಳಿಗೆ ಆ ಸಾಲು ಎಷ್ಟು ಸಿಹಿಯಾಗಿತ್ತೆಂದು ಹೇಳಬೇಕೇ? "ಬಿಟ್ಟಿ ಚಾಕರಿ ಮಾಡ್ಕೊಂಡು ಅದೇನೇ ಹಾಗೆ ನಗ್ತೀಯ?" ಎಂದು ಅಮ್ಮ ಛೇಡಿಸುತ್ತಿದ್ದಳು. ಮುಖ ನೋಡದವನ ಮೇಲೆ ಮನಸ್ಸು ಜಾರಿತ್ತು. ಸುಳ್ಳೇಕೆ, ಪೂರ್ತಿ ಜಾರಿತ್ತು.

ಆ ಶನಿವಾರ ಬೆಳಗ್ಗೆ ಅದಕ್ಕೆ ಬೆಂಕಿ ಬಿತ್ತು. ಮೂರು ವಾರ ಸರದಿ ಕಾದು, ಎರಡು ಬಸ್ಸು ಬದಲಿಸಿ ಬಂದ ನಿವೃತ್ತ ನರ್ಸ್ ಒಬ್ಬರಿಗೆ, ಅವರ ಪುಸ್ತಕ ಬೇರೆಯವರ ಕೈ ಸೇರಿದೆ ಎಂದು ಹೇಳಬೇಕಾಯಿತು. ಆ ಸಾಫ್ಟ್‌ವೇರಿನಲ್ಲಿದ್ದ ಸರದಿಯ ಪಟ್ಟಿಯೇ ತಲೆಕೆಳಗಾಗಿತ್ತು.

"ಬುದ್ಧಿ ಇಲ್ದಿರೋದು ನಿಮ್ಮ ಕಂಪ್ಯೂಟರಿಗೋ, ನಿಮಗೋ?" ಎಂದು ಆಕೆ ಎಲ್ಲರೆದುರು ಕೂಗಾಡಿದರು.

ಹುಡುಕಿದರೆ, ತಪ್ಪಿದ್ದದ್ದು ಕಳೆದ ವಾರ ಅವಳೇ ಬರೆದು ಕಳಿಸಿದ ಭಾಗದಲ್ಲಿ! ಅದರ ಕೆಳಗೂ ಅದೇ "ತುಂಬಾ ಚೆನ್ನಾಗಿದೆ ಮೇಡಂ!" ಅದೇ ದಿನ ಒಬ್ಬ ಗಂಡಸು ಕಳಿಸಿದ್ದಕ್ಕೆ ಮೂವತ್ತೇಳು ಟಿಪ್ಪಣಿ.

ಮೇಷ್ಟ್ರು ಮಾರ್ಕರ್ ಕೆಳಗಿಟ್ಟ. "ಪೂರ್ತಿ... ಓದ್ಲಿಲ್ಲ."

"ಯಾಕೆ?"

"ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದಿದ್ರು. ಮೊದಲ್ನೇ ಕೆಲಸಕ್ಕೇ ನಲವತ್ತು ತಪ್ಪು ತೆಗೆದೆ. ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ನೀವೂ ಹಾಗೇ ಹೋಗ್ಬಿಟ್ರೆ ಅಂತ..."

"ಅವರಿಗೆ ಬೈದ್ರಿ, ನನ್ನದನ್ನ ನೋಡ್ಲೇ ಇಲ್ಲ. ಮಧ್ಯ ಇನ್ನೊಂದು ದಾರಿ ಕಾಣ್ಲೇ ಇಲ್ವಾ ನಿಮಗೆ?"

ಅವನು ಬೋರ್ಡಿನ ಮೇಲೆ ಬರೆದಿದ್ದನ್ನು ಒರೆಸತೊಡಗಿದ.

"ನನ್ನ ಗಂಡ ಮುಖದ ಮೇಲೇ ದಡ್ಡಿ ಅಂತಿದ್ದ ಸರ್. ನೀವು ಚಪ್ಪಾಳೆ ತಟ್ಟಿ ಅಂದ್ರಿ!"

ಅವಳು ತಿರುಗಿ ನೋಡದೆ ಹೊರಟಳು. ಸಂಜೆ ತನ್ನ ಭಾಗವನ್ನು ಹಿಂದಕ್ಕೆ ತೆಗೆದು, 'ತಪ್ಪು ನನ್ನದು' ಎಂದು ಬರೆದಳು. ಆಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ.

"ಬಿಟ್ಟಾಕೇ ಆ ಕೆಲಸಾನ," ಎಂದಳು ಅಮ್ಮ.

'ಬಿಟ್ಟರೆ, ನನಗೆ ಏನೂ ತಿಳಿಯಲ್ಲ ಅಂತ ಒಪ್ಪಿಕೊಂಡ ಹಾಗೆ ಅಲ್ವಾ? ಇದ್ದರೆ... ಯಾರನ್ನ ನಂಬಿ ಇರಲಿ?' ಒಳಗೊಳಗೇ ಕುದಿದಳು.

ಹನ್ನೊಂದನೆಯ ದಿನ ಮಧ್ಯಾಹ್ನ, ಕೌಂಟರಿನಲ್ಲಿದ್ದಾಗ ಅವನ ಟಿಪ್ಪಣಿಗಳು ಬಂದವು. ಆರು ತಿಂಗಳಲ್ಲಿ ಅವಳು ಬರೆದದ್ದಷ್ಟನ್ನೂ ಮೊದಲಿನಿಂದ ಓದಿದ್ದ. ನೂರ ಅರವತ್ತನಾಲ್ಕು! "ಈ ಸಾಲು ಬೇಡವೇ ಬೇಡ." "ಇಲ್ಲಿ ಅವಸರ ಮಾಡಿದ್ದೀರಿ." ಒಂದು ಕಡೆ, "ಇದು ನನಗೆ ಹೊಳೆಯುತ್ತಿರಲಿಲ್ಲ." ಸರದಿಯ ಪಟ್ಟಿಯ ಬಳಿ, "ಇದನ್ನು ನಾನು ಹಿಡಿಯಬೇಕಿತ್ತು. ಒಪ್ಪಿಗೆ ಕೊಟ್ಟವನು ನಾನು."

ಒಂದೊಂದೂ ಚುಚ್ಚಿತು. ಎರಡು ಸಲ ಎದ್ದು ಹೋಗಿ ಮುಖ ತೊಳೆದು ಬಂದಳು. ಆದರೂ ನಾಲ್ಕು ದಿನ ಕೂತು ಎಲ್ಲವನ್ನೂ ಓದಿ, ತೊಂಬತ್ತೊಂದನೆಯದರ ಕೆಳಗೆ ಬರೆದಳು: "ಇದು ನಿಮ್ಮ ತಪ್ಪು, ಈ ಸಾಲು ಬೇಕೇ ಬೇಕು. ಪುಸ್ತಕ ಕಾಯ್ದಿರಿಸಿದ ದಿನವೇ ಬೇಡ ಅನ್ನುವವರು ಇದ್ದಾರೆ. ಅದು ಕೌಂಟರಿನಲ್ಲಿ ಕೂತವರಿಗೆ ಮಾತ್ರ ಗೊತ್ತಿರುತ್ತೆ."

ಮರುದಿನ ಅವನೇ ಬಂದ. ಓದುಗರ ಸಾಲಿನಲ್ಲಿ ಐದನೆಯವನಾಗಿ ನಿಂತು, ಸರದಿ ಬಂದಾಗ ಬರಿಗೈಯಲ್ಲಿ ಮುಂದೆ ಬಂದ.

"ತೊಂಬತ್ತೊಂದು... ನೀವು ಹೇಳಿದ್ದೇ ಸರಿ."

"ಅದನ್ನ ಹೇಳೋಕೆ ಇಲ್ಲಿವರೆಗೂ ಬರ್ಬೇಕಿತ್ತಾ?"

"ಇನ್ನೊಂದಿದೆ. ಎಲ್ಲರೂ ನೋಡೋ ಜಾಗದಲ್ಲಿ ಬರೆಯೋಕಾಗ್ಲಿಲ್ಲ." ಅವನ ಕಿವಿ ಕೆಂಪಾಯಿತು. "ನೀವಂದ್ರೆ ನಂಗಿಷ್ಟ. ನಿಮ್ಮನ್ನ ಕಳ್ಕೊಳ್ಳೋ ಭಯಕ್ಕೇ ಸುಳ್ಳು ಹೇಳಿದೆ. ಅದು ಹೇಡಿತನ."

ಎಷ್ಟು ದಿನ ಕಾದಿದ್ದ ಮಾತು! ಬಂದಾಗ ಮಾತ್ರ ಸಿಹಿಯಾಗಲಿಲ್ಲ.

"ಹೋದ ವರ್ಷ ಬಿಟ್ಟು ಹೋದ್ರಲ್ಲ, ಅವರಿಗೆ ಬರೆದ್ರಾ?"

"ಬರೆದೆ, ಕ್ಷಮೆ ಕೇಳ್ದೆ. ಉತ್ತರ ಬಂದಿಲ್ಲ."

"ಬರಲ್ಲ. ಕೆಲವರು ಹೋದ್ರೆ ಹೋದಂಗೇ."

"ನೀವು?"

ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಪ್ರೀತಿಯೂ.

"ಕೌಂಟರ್ ಮುಚ್ಚೋದು ಆರು ಗಂಟೆಗೆ. ಇನ್ನೂ ಮೂರು ಗಂಟೆ ಇದೆ."

"ಕಾಯ್ತೀನಿ ಮೇಡಂ."

"ಮೇಡಂ ಅಂದ್ರೆ ಏಳು ಗಂಟೆಗೆ ಮುಚ್ತೀನಿ."