ಇನ್ನೊಂದು ಚಮಚ ತುಪ್ಪ

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅವನು ಬಂದ. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಮುಖದ ತುಂಬ ಬಿಸಿಲು.

"ಊಟ ಐತೇನ್ರಿ ಇನ್ನಾ?"

ಭುವನೇಶ್ವರಿ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬೇಯಿಸುತ್ತಿದ್ದಳು. ಆ ದನಿ ಕಿವಿಗೆ ಬಿದ್ದದ್ದೇ ಕೈ ನಿಂತಿತು. ತಿರುವಿ ಹಾಕಬೇಕಿದ್ದ ರೊಟ್ಟಿ ಹಂಚಿನ ಮೇಲೇ ಕರ್ರಗಾಯಿತು.

ತಿರುಗಿ ನೋಡಿದಳು. ಅವನೇ, ಸಂಗಮೇಶ. ಅದೇ ಅಗಲ ಭುಜ, ನಕ್ಕರೆ ಎಡಗೆನ್ನೆಯಲ್ಲಿ ಬೀಳುವ ಅದೇ ಗುಳಿ. ಅವನೂ ಅವಳನ್ನು ನೋಡಿದ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಗುರುತು ಹಿಡಿದನೇನೋ ಎಂದು ಅವಳ ಎದೆ ಧಸಕ್ಕೆಂದಿತು. ಆದರೆ ಅವನ ಕಣ್ಣಲ್ಲಿದ್ದ ಹೊಳಪು ಬೇರೆ. ಚೆಂದದ ಹೆಣ್ಣನ್ನು ಮೊದಲ ಸಲ ಕಂಡ ಗಂಡಸಿನದು.

"ಹೈಸ್ಕೂಲಿಗೆ ಹೊಸದಾಗಿ ಬಂದೇನ್ರಿ. ಪಿಟಿ ಮಾಸ್ತರ. ಮುದ್ದೇಬಿಹಾಳದಿಂದ ಟ್ರಾನ್ಸ್‌ಫರ್ ಆತು. ಲಕ್ಕವ್ವನ ಖಾನಾವಳಿ ಬಿಟ್ರ ಸಿಂದಗಿಯೊಳಗ ಊಟಾನ ಇಲ್ಲ ಅಂದ್ರು ಮಂದಿ."

"ಕೂಡ್ರಿ."

ತಾಟು ಇಡುವಾಗ ಅವನೇ ಕೇಳಿದ, "ನಿಮ್ಮ ಹೆಸರೇನ್ರಿ?"

"ಭುವನೇಶ್ವರಿ." ಬೇಕೆಂದೇ ಬಿಡಿಸಿ ಹೇಳಿದಳು.

"ಚಲೋ ಐತ್ರಿ ಹೆಸರು," ಅಂದ. ಅಷ್ಟೇ. ರೊಟ್ಟಿ ಮುರಿದು ಬದನೆಯ ಎಣಗಾಯಿಗೆ ಅದ್ದಿದ.

ಮುಖ ಮರೆತದ್ದನ್ನು ಹೇಗೋ ಕ್ಷಮಿಸಬಹುದಿತ್ತು. ಮುಖ ಬದಲಾಗಿತ್ತು. ಹೆಸರೂ ನೆನಪಿಲ್ಲವಲ್ಲ ಇವನಿಗೆ!

ನಾಲ್ಕು ವರ್ಷದ ಹಿಂದೆ ಇದೇ ಸಂಗಮೇಶ ತನ್ನೂರು ಗೊಳಸಂಗಿಯಿಂದ ಅವಳೂರು ನಾಲತವಾಡಕ್ಕೆ ಹೆಣ್ಣು ನೋಡಲು ಬಂದಿದ್ದ. ಆಗ ಅವಳ ಮೈ ಈಗಿನ ಎರಡರಷ್ಟಿತ್ತು. ಹೊಸ ಇಳಕಲ್ ಸೀರೆ ಉಟ್ಟು, ಚುರುಮುರಿ ಸುಸಲಾದ ತಾಟು ಹಿಡಿದು ಪಡಸಾಲೆಗೆ ಬಂದಿದ್ದಳು. ಅವನು ಒಮ್ಮೆ ತಲೆಯೆತ್ತಿ ನೋಡಿದ, ತಗ್ಗಿಸಿದ. ಅವಳು ಒಳಗೆ ಹೋದ ಮೇಲೆ ಪಕ್ಕದಲ್ಲಿದ್ದ ಗೆಳೆಯ ಪರಪ್ಪನ ಕಿವಿಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಕನ್ಯಾ ತೋರಸ್ತೇವಿ ಅಂತ ಕರದು ಕಣಜ ತೋರಸಾಕತ್ತಾರಲ್ಲೋ."

ಪಡಸಾಲೆ ತುಂಬ ನಗು. ಅವಳ ಅಪ್ಪ ಚನ್ನಬಸಯ್ಯ ಚಹಾದ ಕಪ್ಪು ಹಿಡಿದು ಅಲ್ಲೇ ನಿಂತಿದ್ದ. ಬೀಗರಾಗಬಹುದಾದವರ ಮುಂದೆ ಏನೂ ಅನ್ನಲಾಗದೆ ಅವನೂ ಒಂದಿಷ್ಟು ನಕ್ಕ. ಬಾಗಿಲ ಸಂದಿಯಿಂದ ಅವಳು ಕಂಡದ್ದು ಅದನ್ನೇ. ಸಂಗಮೇಶನ ಮಾತಿಗಿಂತ ಅಪ್ಪನ ಆ ಬಡ ನಗು ಹೆಚ್ಚು ಸುಟ್ಟಿತು.

ಮಾತು ಓಣಿ ಸೇರಿತು. ಅವಳು ನೀರಿಗೆ ಹೋದರೆ ಹಿಂದಿನಿಂದ 'ಕಣಜ ಬಂತ್ರಲೇ' ಅನ್ನುವವರಾದರು. ಕಡೆಗೆ ಸಿಂದಗಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಚಿಗವ್ವ ಲಕ್ಕವ್ವ ಬಂದು, "ನನ್ನ ಕೈ ಕೆಳಗ ಇರ್ಲಿ ಬಿಡ್ರಿ ಇಕಿ," ಎಂದು ಕರೆದುಕೊಂಡು ಹೋದಳು.

ಸಿಂದಗಿಗೆ ಬಂದ ಮೇಲೆ ಮೈ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದು ಅವನಿಗಾಗಿ ಅಲ್ಲ. ಸಕ್ಕರೆ ಏರಿತ್ತು, ಮೊಣಕಾಲು ಹಿಡಿದಿದ್ದವು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆ ಸಣ್ಣದು ಮಾಡಿ, ಕರುಳಿಗೆ ಹೊಸ ದಾರಿ ಜೋಡಿಸಿ ಕಳಿಸಿದರು. "ಆಪರೇಷನ್ ಅರ್ಧಾ ಕೆಲಸ. ಉಳಿದರ್ಧ ನಿಮ್ಮ ತಾಟಿನ್ಯಾಗ ಐತಿ," ಅಂದಿದ್ದರು.

ಆ ಉಳಿದರ್ಧವೇ ಕಷ್ಟದ್ದು. ಮೊದಲು ಬರೀ ತಿಳಿ, ಆಮೇಲೆ ಗಂಜಿ, ಆಮೇಲೆ ಮೆತ್ತಗೆ ಹಿಚುಕಿದ ಹೆಸರುಬೇಳೆ. ಈಗ ಹೊತ್ತಿಗೊಂದು ಸಣ್ಣ ವಾಟಿ, ಅಂಗೈಯಷ್ಟು ಬಟ್ಟಲು. ಅದರಲ್ಲೂ ಮೊದಲು ಮೊಳಕೆ ಕಾಳು, ಪನೀರು, ಮೊಸರು. ನಂತರ ಪಲ್ಯ. ಜಾಗ ಉಳಿದರೆ ರೊಟ್ಟಿಯ ಚೂರು. ಬಾಯಲ್ಲೇ ನೀರಾಗುವ ತನಕ ಅಗಿಯಬೇಕು, ಊಟದ ನಡುವೆ ನೀರು ಮುಟ್ಟಬಾರದು. ಸಿಹಿ ತಿಂದರೆ ಮೈ ತಾನೇ ಶಿಕ್ಷೆ ಕೊಡುತ್ತಿತ್ತು. ಅಂಥವಳು ದಿನವಿಡೀ ಊರಿಗೆ ಬಡಿಸಬೇಕು. ಉಪ್ಪು ಖಾರ ನೋಡಲು ನಾಲಿಗೆ ತುದಿಗೆ ಹಚ್ಚಿಕೊಂಡು ಉಗುಳಬೇಕು. ಶುರುವಿನಲ್ಲಿ ರೊಟ್ಟಿಯ ಗುಡ್ಡೆಯ ಮುಂದೆ ಕೂತು ಅತ್ತದ್ದೂ ಉಂಟು. ಹಸಿವಿರಲಿಲ್ಲ, ಆಸೆ ಇತ್ತು. ಹೊಟ್ಟೆ ಕತ್ತರಿಸಿದ ಡಾಕ್ಟರು ಆಸೆಗೆ ಕೈ ಹಚ್ಚಿರಲಿಲ್ಲ.

ಆ ಮಧ್ಯಾಹ್ನ, ಗುಳಿ ಬೀಳಿಸುತ್ತಾ ಉಣ್ಣುತ್ತಿದ್ದ ಸಂಗಮೇಶನನ್ನು ನೋಡುತ್ತಾ ಅವಳಿಗೆ ತಾನೇನು ಮಾಡಬೇಕೆಂದು ಹೊಳೆಯಿತು. ತುಪ್ಪದ ಡಬ್ಬಿ ತಂದಳು.

"ಹಾಕ್ಲೇನ್ರಿ ಸರ?"

"ನಾ ತುಪ್ಪ ಕಡಿಮಿ ತಿಂತೇನ್ರಿ. ಗ್ರೌಂಡಿನ್ಯಾಗ ಓಡಬೇಕಲ್ಲ."

"ನನ್ನ ಕೈಯಾಗಿಂದ ಬ್ಯಾಡಂದವರು ಯಾರೂ ಇಲ್ರಿ," ಅಂದಳು. ಕಣ್ಣೆತ್ತಿ ನೋಡಿದಳು. ಆ ನೋಟವನ್ನು ಹೇಗೆ ನೋಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಸಿಟ್ಟು ಕಲಿಸಿತು.

ಸಂಗಮೇಶ ತಾಟು ಮುಂದೆ ಸರಿಸಿದ.

ಅಂದಿನಿಂದ ಅವನಿಗೆ ಎಲ್ಲವೂ ಹೆಚ್ಚು. ಬ್ಯಾಳಿಗೆ ತುಪ್ಪ, ರೊಟ್ಟಿಗೆ ಬೆಣ್ಣೆ, ಮೊಸರಿನ ಕೆನೆ ಬಂದದ್ದೆಲ್ಲ ಅವನ ತಾಟಿಗೆ. ಸೋಮವಾರ ಗೋದಿ-ಬೆಲ್ಲದ ಮಾದ್ಲಿ, ಅಮಾವಾಸ್ಯೆಗೆ ಹೋಳಿಗೆ, ಏನೂ ಇಲ್ಲದ ದಿನ ಶೇಂಗಾದುಂಡಿ. ಉಳಿದವರು ಅವಳನ್ನು 'ಅಕ್ಕಾರ' ಅನ್ನುತ್ತಿದ್ದರು. ಅವನೊಬ್ಬ ಎಂದೂ ಅಕ್ಕ ಅನ್ನಲಿಲ್ಲ. 'ಮೇಡಮ್ಮಾರ' ಅನ್ನುತ್ತಿದ್ದ, ಆ ಮಾತಿನ ಕೊನೆಯನ್ನು ಸುಮ್ಮನೆ ಎಳೆಯುತ್ತಾ.

"ಮೇಡಮ್ಮಾರ, ಸಾಕ್ರಿ. ಶರ್ಟಿನ ಗುಂಡಿ ಬೈಯಾಕತ್ತಾವ."

"ಗುಂಡಿ ಮಾತು ಕೇಳ್ತೀರೋ, ನನ್ನ ಮಾತು ಕೇಳ್ತೀರೋ?"

"ನಿಮ್ಮದ."

"ಮತ್ತ ಸುಮ್ನ ಉಣ್ರಿ."

ಲಕ್ಕವ್ವನಿಗೆ ವಿಷಯ ಗೊತ್ತಿತ್ತು. "ಭುವಿ, ಉಣಿಸೋ ಕೈಲೆ ಇಂಥಾದ್ದು ಮಾಡಬಾರದವಾ," ಅಂದಳು ಒಮ್ಮೆ.

"ನಾ ವಿಷಾ ಹಾಕಿಲ್ಲ ಚಿಗವ್ವ. ಹಬ್ಬದಡಗಿ ಹಾಕೇನಿ," ಅಂದಳು.

ದಸರೆಗೆ ಅವನ ಕೆನ್ನೆ ತುಂಬಿದವು. ದೀಪಾವಳಿಗೆ ಹೊಟ್ಟೆ ಬೆಲ್ಟಿನ ಮೇಲೆ ಬಂತು. ಕೈ ತೊಳೆಯಲು ಏಳುವಾಗ ಗೋಡೆ ಹಿಡಿಯುವಂತಾದ. ಅವಳು ಒಳಗೊಳಗೇ ಕುಣಿದಳು. ಕನ್ನಡಿಯ ಮುಂದೆ ನಿಂತು ಅವನು ಹೆಮ್ಮೆಪಡುತ್ತಿದ್ದ ಮೈ ಅದು. ಈಗ ನೋಡಿಕೊಳ್ಳಲಿ.

ಆದರೆ ಒಂದು ತೊಡಕು ಹುಟ್ಟಿತು. ಅವನು ಬರುವ ಹೊತ್ತಿಗೆ ಅವಳ ಕಣ್ಣು ತಾನೇ ಬಾಗಿಲಿಗೆ ಹೋಗುತ್ತಿತ್ತು. ಸೇಡಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ದಿನ ಎಲ್ಲರೂ ಎದ್ದ ಮೇಲೂ ಅವನು ಕೂತೇ ಇದ್ದ. "ನೀವು ಯಾವಾಗ ಉಣ್ತೀರಿ ಮೇಡಮ್ಮಾರ? ನಾ ಒಂದಿನಾನೂ ನೋಡಿಲ್ಲ."

ಅವಳು ತನ್ನ ವಾಟಿ ತಂದು ಎದುರಿಗೇ ಕೂತಳು. ನಾಲ್ಕು ಚಮಚ ಮಡಕಿಕಾಳು. ಒಂದೊಂದನ್ನೇ ಅಗಿಯತೊಡಗಿದಳು.

"ಇಷ್ಟ?"

"ಹೊಟ್ಟಿ ಆಪರೇಷನ್ ಆಗೇತ್ರಿ. ದಪ್ಪ ಇದ್ದೆ ಮೊದಲ. ಬಾಳ ದಪ್ಪ."

ನಗುತ್ತಾನೆ ಎಂದು ಕಾದಳು. ನಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಅವನು ನಗಲಿಲ್ಲ. ಅವಳ ವಾಟಿ ಮುಗಿಯುವ ತನಕ ಎದುರಿಗೇ ಕೂತ. ಆಮೇಲೆ, "ಊರಿಗೆಲ್ಲಾ ಹೊಟ್ಟಿ ತುಂಬ ನೀಡಿ ನೀವು ಇಷ್ಟ ಉಣ್ಣೂದು ಅಂದ್ರ... ನನ್ನ ಕಡೆ ಆಗ್ತಿದ್ದಿಲ್ರಿ," ಅಂದ.

ಮುಂದಿನ ವಾರ ಇಂಡಿ ಪಟ್ಟಣಕ್ಕೆ ಯಾವುದೋ ತರಬೇತಿಗೆ ಹೋದವನು ಟವೆಲ್ಲಿನಲ್ಲಿ ಕಟ್ಟಿಕೊಂಡು ಲಿಂಬೆಹಣ್ಣು ತಂದ. "ನಿಮ್ಮ ಕಾಳಿಗೆ ಹಿಂಡ್ಕೊರಿ. ಸಪ್ಪಗ ಇರ್ತಾವಲ್ಲ ಪಾಪ."

ಲಿಂಬೆ ಹಿಂಡಿದ ಕಾಳು ರುಚಿಯಾಗಿತ್ತು. ಅದಕ್ಕೇ ಅವಳಿಗೆ ಸಿಟ್ಟು ಬಂತು. ಮರುದಿನ ಅವನ ಬ್ಯಾಳಿಗೆ ಇನ್ನೊಂದು ಚಮಚ ತುಪ್ಪ ಹೆಚ್ಚೇ ಹಾಕಿದಳು.

ಡಿಸೆಂಬರಿನಲ್ಲಿ ಹೈಸ್ಕೂಲಿನ ಕ್ರೀಡಾಕೂಟ. ಕಡೆಯ ಆಟ ಮಾಸ್ತರರದೂ ಹಳೆ ವಿದ್ಯಾರ್ಥಿಗಳದೂ ಕಬಡ್ಡಿ. ಭುವನೇಶ್ವರಿ ಊಟದ ಡಬ್ಬಿ ಕೊಡುವ ನೆವದಲ್ಲಿ ಹೋಗಿ ಕಂಪೌಂಡಿನ ಬಳಿ ನಿಂತಳು.

ಸಂಗಮೇಶ ರೇಡಿಗೆ ಇಳಿದ. ಒಂದು ಕಾಲದಲ್ಲಿ ಜಿಲ್ಲೆಗೆ ಆಡಿದವನು. ಎರಡು ಹೆಜ್ಜೆಗೇ ಉಸಿರು ಸಿಕ್ಕಿಹಾಕಿಕೊಂಡಿತು. ಕಬಡ್ಡಿ ಅನ್ನುವ ಮಾತು ಬಾಯಲ್ಲೇ ಮುರಿಯಿತು. ಹೊರಳಲು ಹೋಗಿ ಮೊಣಕಾಲು ಮಗುಚಿ ದೊಪ್ಪೆಂದು ಬಿದ್ದ. ಗ್ರೌಂಡಿಗೆ ಗ್ರೌಂಡೇ ನಕ್ಕಿತು. ಹುಡುಗರಿಬ್ಬರು ಕೆನ್ನೆ ಉಬ್ಬಿಸಿ, ಹೊಟ್ಟೆ ಮುಂದೆ ಚಾಚಿ ಅವನ ಹಾಗೆ ನಡೆದು ತೋರಿಸಿದರು. ಅವನು ಮಣ್ಣಿನಲ್ಲಿ ಕೂತೇ ಎಲ್ಲರ ಜೊತೆ ತಾನೂ ಒಂದಿಷ್ಟು ನಕ್ಕ.

ಆ ಬಡ ನಗುವನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂದು ನೆನೆಯಲು ಹೋಗಲಿಲ್ಲ. ತಾನು ಗೆದ್ದೆ ಎಂದುಕೊಂಡು ಬಿರಬಿರನೆ ಖಾನಾವಳಿಗೆ ಬಂದಳು.

ಲಕ್ಕವ್ವ ಸಂತೆಗೆ ಹೋಗಿದ್ದಳು. ಬುಟ್ಟಿಯಲ್ಲಿ ಬೆಳಗಿನ ಹೋಳಿಗೆ ಇದ್ದವು. ಭುವನೇಶ್ವರಿ ಒಂದನ್ನು ತೆಗೆದುಕೊಂಡು, ತುಪ್ಪ ಸುರಿದು, ನಿಂತಲ್ಲೇ ತಿಂದಳು. ಅಗಿಯಲಿಲ್ಲ. ನುಂಗಿದಳು. ಎಷ್ಟೋ ದಿನದ ಮೇಲಿನ ಆ ಬೆಲ್ಲದ ಹೂರಣ! ಇನ್ನೊಂದನ್ನು ಅರ್ಧ ತಿನ್ನುವಷ್ಟರಲ್ಲಿ ಎದೆ ನಗಾರಿಯಂತೆ ಹೊಡೆದುಕೊಂಡಿತು. ಬೆವರು ಧಾರೆಯಾಗಿ ಇಳಿಯಿತು. ಕೈಕಾಲು ನಡುಗಿ, ಹೊಟ್ಟೆ ಮುರಿದಂತಾಗಿ ಒಲೆಯ ಪಕ್ಕ ಕುಸಿದಳು.

ಹಾಗೆ ಬಿದ್ದವಳನ್ನು ಕಂಡದ್ದು, ಕುಂಟುತ್ತಾ ಒಳಗೆ ಬಂದ ಸಂಗಮೇಶ.

"ಏನಾತ್ರಿ? ಡಾಕ್ಟರಿಗೆ ಕರೀಲಿ?"

"ಬ್ಯಾಡ. ಸಿಹಿ ತಿಂದೆ. ತಾನ ಇಳೀತೈತಿ." ಹಲ್ಲು ಕಟಕಟ ಅನ್ನುತ್ತಿದ್ದವು.

ಅವನು ನೋವಿನ ಕಾಲು ಮಡಿಸಲಾಗದೆ ಹೇಗೋ ನೆಲಕ್ಕೆ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಟವೆಲ್ಲಿನಿಂದ ಬೆವರು ಒರೆಸಿದ. ಗಾಳಿ ಬೀಸಿದ. "ನಾ ಇಲ್ಲೇ ಅದೇನಿ. ಕಣ್ಣು ಮುಚ್ಚರಿ," ಅನ್ನುತ್ತಲೇ ಇದ್ದ. ಆ ಕೈಯ ಮೆತ್ತನೆಯನ್ನು ಅವಳಿಗೆ ತಾಳಲಾಗಲಿಲ್ಲ.

ನಡುಕ ಇಳಿದ ಮೇಲೆ ಎದ್ದು ಗೋಡೆಗೆ ಒರಗಿದಳು.

"ನಾಲತವಾಡಕ್ಕ ಕನ್ಯಾ ನೋಡಾಕ ಹೋಗಿದ್ದು ನೆನಪೈತೇನ್ರಿ? ಕಣಜ ಅಂದಿದ್ರಿ. ಓಣಿಗೆಲ್ಲಾ ಅದ ನನ್ನ ಹೆಸರಾತು."

ಅವನ ಕೈಯಲ್ಲಿದ್ದ ಟವೆಲ್ ನಿಂತಿತು. ಬಹಳ ಹೊತ್ತು ಅವಳ ಮುಖ ನೋಡಿದ. ಮೊದಲ ಸಲ ಅವಳನ್ನು ನಿಜವಾಗಿ ಹುಡುಕುವಂತೆ ನೋಡಿದ.

"ಅದು ನೀವಾ?"

"ಅದು ಅನಬ್ಯಾಡ್ರಿ. ಅಕಿ ಅನ್ರಿ." ಅವಳ ದನಿ ಏರಲಿಲ್ಲ. "ನಿಮ್ಮ ಈ ಹೊಟ್ಟಿ ನಾನ ಬೆಳಸೇನಿ. ನಿಮ್ಮ ಮ್ಯಾಲಿನ ಪ್ರೀತಿಗೆ ಅಲ್ಲ. ಇವತ್ತು ಗ್ರೌಂಡಿನ್ಯಾಗ ಮಂದಿ ನಗೂದು ನಿಂತು ನೋಡಿ ಬಂದೇನಿ. ಖುಷಿ ಆತು. ಖುಷಿಗೆ ಹೋಳಿಗಿ ತಿಂದೆ."

ಸಂಗಮೇಶ ಟವೆಲ್ ಮಡಚಿ ಅವಳ ಪಕ್ಕ ಇಟ್ಟ. ಗೋಡೆ ಹಿಡಿದು ಎದ್ದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದ.

ಮರುದಿನ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಅವನು ಕೂರುತ್ತಿದ್ದ ಜಾಗದಲ್ಲಿ ಯಾರ‍್ಯಾರೋ ಕೂತು ಉಂಡು ಹೋದರು. ಹೇಳಬೇಕಾದ್ದು ಹೇಳಿದ ಹಗುರ ಎರಡು ದಿನ ಇತ್ತು. ಆಮೇಲೆ ಲಿಂಬೆ ಹಿಂಡಿದರೂ ಕಾಳು ಸಪ್ಪಗೆನಿಸತೊಡಗಿತು.

ಮುಂದಿನ ರವಿವಾರ ಅಪ್ಪನ ಫೋನು ಬಂತು.

"ಭುವಿ, ಅವ ಬಂದಿದ್ದ. ಗೊಳಸಂಗಿಯವ. ಆ ಪರಪ್ಪನ್ನೂ ಕರಕೊಂಡು." ಚನ್ನಬಸಯ್ಯನ ದನಿ ಒಡೆದಿತ್ತು. "ಒಳಗ ಬಾ ಅಂದ್ರ ಬರಲಿಲ್ಲ. ಕಟ್ಟಿ ಮ್ಯಾಲೆ ಓಣಿ ಮಂದಿ ಎಲ್ಲಾ ಕುಂತಿದ್ರು. ಅವರ ಮುಂದ ನಿಂತು ಹೇಳಿದ, 'ಈ ಮನಿಯೊಳಗ ನಾ ಹೊಲಸು ಮಾತಾಡಿದ್ದೆ. ಆಡಿದವ ನಾ, ನಕ್ಕವರು ನೀವು. ಇನ್ನ ಮ್ಯಾಲೆ ಅಕಿ ಹೆಸರು ಭುವನೇಶ್ವರಿ,' ಅಂದ. ನನ್ನ ಕಾಲು ಹಿಡದ."

"ನೀ ಏನಂದಿ ಅಪ್ಪಾ?"

"ಏನನ್ಲಿ. ಅವತ್ತು ನಾನೂ ನಕ್ಕಿದ್ದೆನಲ್ಲವಾ." ಮೂಗು ಒರೆಸಿಕೊಂಡ ಸದ್ದು. "ಇಬ್ಬರೂ ಅತ್ತಿವಿ."

ಸೋಮವಾರ ಊಟದ ಗದ್ದಲ ಇಳಿದ ಮೇಲೆ ಸಂಗಮೇಶ ಬಂದ. ಮೊಣಕಾಲಿಗೆ ಪಟ್ಟಿ, ಮುಖದಲ್ಲಿ ಗುಳಿ ಇಲ್ಲ. ಬಾಗಿಲಲ್ಲೇ ನಿಂತ.

"ಅಪ್ಪ ಫೋನ್ ಮಾಡಿದ್ದ," ಅಂದಳು ಅವಳು. "ನನ್ನ ಮನಸ್ಸು ಕರಗಲಿ ಅಂತ ಹೋಗಿದ್ರೇನು?"

"ಇಲ್ರಿ. ಅಲ್ಲೆ ಆಡಿದ ಮಾತು ಅಲ್ಲೇ ಹೋಗಿ ಎತ್ತಬೇಕಲ್ಲ. ನೀವು ಕರಗದಿದ್ರೂ ಹೋಗ್ತಿದ್ದೆ." ತಲೆ ತಗ್ಗಿಸಿದ. "ಈ ವಾರ ಬ್ಯಾರೆ ಕಡೆ ಉಂಡೆ. ಉಂಡದ್ದು ಮೈಗೆ ಹತ್ತಲಿಲ್ರಿ. ನೀವು ಸೇಡಿಗೆ ನೀಡಿದ್ರಿ. ನಾ ಪ್ರೀತಿ ಅಂತ ತಿಳದು ಉಂಡೆ. ನನ್ನ ಕಡೀಂದಂತೂ ಅದು ಖರೇನ ಇತ್ತು."

ಅವಳು ಒಳಗೆ ಹೋದಳು. ಅವನು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತ. ಅವಳು ಎರಡು ಸಣ್ಣ ವಾಟಿ ತಂದು ನೆಲದ ಮೇಲೆ ಎದುರುಬದುರು ಇಟ್ಟಳು. ಮೊಳಕೆ ಹೆಸರು, ಎರಡು ಚೂರು ಪನೀರು, ಒಂದಿಷ್ಟು ಮೆಂತ್ಯೆಪಲ್ಯ.

"ಕೂಡ್ರಿ. ಕಾಲು ಚಾಚಿಕೊಂಡ ಕೂಡ್ರಿ."

ಕೂತ. ಅಭ್ಯಾಸದಂತೆ ವಾಟಿಗೆ ಕೈ ಹಾಕಿ ಅರ್ಧಕ್ಕರ್ಧ ಬಾಯಿಗೆ ಹಾಕಿಕೊಳ್ಳಲು ಹೋದ. ಅವಳು ಕೈ ಹಿಡಿದಳು. ಮೊದಲ ಸಲ.

"ಹಂಗಲ್ಲ. ತುಸು ತುಸು. ನಾ ನಿಮ್ಮ ಮೈ ಕೆಡಿಸೇನಿ, ನಾನ ಇಳಸ್ತೇನಿ. ಇನ್ನೊಂದು ವರ್ಷ ತುಪ್ಪ ಕೇಳಬ್ಯಾಡ್ರಿ."

"ಇದೂ ಸೇಡನ?"

"ಹೌದು."

ಅವನು ಅಗಿದ. ಕೈ ಅವಳ ಕೈಯಲ್ಲೇ ಇತ್ತು. ಇಬ್ಬರೂ ಬಿಡಲಿಲ್ಲ, ಇಬ್ಬರೂ ಅದರ ಕಡೆ ನೋಡಲಿಲ್ಲ.

"ಮಾಫ್ ಮಾಡಿದ್ರೇನ್ರಿ?" ಮೆಲ್ಲಗೆ ಕೇಳಿದ.

"ಇಲ್ಲ."

"ಯಾವಾಗ ಮಾಡ್ತೀರಿ?"

"ಗೊತ್ತಿಲ್ಲ. ಮದುವಿ ಆದಮ್ಯಾಲೂ ಮಾಡ್ತೇನೋ ಇಲ್ಲೋ."

ಅವನ ಬಾಯಿ ನಿಂತಿತು. ಎಡಗೆನ್ನೆ ಮೆಲ್ಲಗೆ ಅಲುಗಿತು.

"ಮದುವಿ ಅಂದ್ರಿ."

"ಅಗೀರಿ ಮೊದಲ," ಅಂದಳು ಭುವನೇಶ್ವರಿ. ಮುಖ ಬಿಗಿಯಾಗಿಯೇ ಇತ್ತು, ಕಿವಿ ಕೆಂಪಾಗಿದ್ದವು. "ಪೂರಾ ಅಗದು ಆಮ್ಯಾಲೆ ಮಾತಾಡ್ರಿ."