ಕುಸುಬಿ ಎಣ್ಣೆ ಕುಡಿದ ಚಪ್ಪಲಿ

"ಆಯೀ, ಇದು ಬಗ್ಗವಲ್ದು!"

ಅನ್ನಮ್ಮ ಹಿತ್ತಲಿನಲ್ಲಿ ಕುಳಿತು ಅವ್ವನ ಚಪ್ಪಲಿಯನ್ನು ಎರಡೂ ಕೈಯಿಂದ ಬಗ್ಗಿಸುತ್ತಿದ್ದಳು. ತೊಗಲು ಹಲಗೆಯಂತೆ ಸೆಟೆದಿತ್ತು. ಮೇಲೆಲ್ಲ ಅಂಟು.

ನಾಳೆ ಬೆಳಗಾದರೆ ಅವ್ವ ಕಳಕಮ್ಮ ತನ್ನ ಬಸುರಿ ತಂಗಿಯ ಕುಬಸಕ್ಕೆ ಹನುಮಸಾಗರಕ್ಕೆ ನಡೆದು ಹೋಗಬೇಕು. ಹೋದ ಸಲ ಈ ಚಪ್ಪಲಿ ಕಚ್ಚಿ ಅವಳ ಕಾಲೆಲ್ಲ ಗುಳ್ಳೆ ಎದ್ದಿತ್ತು. ಮೆತ್ತಗೆ ಮಾಡಿಕೊಡೋಣವೆಂದು ಅನ್ನಮ್ಮ ಯಾರಿಗೂ ಹೇಳದೆ, ದಿನಾ ಶಾಲೆಯಿಂದ ಬಂದು ಎಣ್ಣೆ ತಿಕ್ಕಿ ಬಿಸಿಲಿಗೆ ಇಡುತ್ತಿದ್ದಳು.

ಅಪ್ಪನ ತಾಯಿ, ಆಯಿ ವಿರೂಪಾಕ್ಷಮ್ಮ, ಚಪ್ಪಲಿಯನ್ನು ಮೂಸಿ ನೋಡಿದಳು.

"ಯಾವ ಎಣ್ಣಿ ಹಚ್ಚಿದಿ?"

"ಕುಸುಬಿ ಎಣ್ಣಿ. ಅಡಗಿ ಮನ್ಯಾಗಿಂದು."

"ಅಯ್ಯ ನನ್ನ ಶಾಣ್ಯಾಕಿ! ಒಗ್ಗರಣಿ ಒಂದು ಹಾಕೂದು ಬಿಟ್ಟೀ ನೋಡು. ಕುಸುಬಿ ಎಣ್ಣಿ ಒಣಗಿದ್ರ ಅಂಟಾಗಿ ಬಿಗೀತೈತಿ. ಅದರಾಗ ಬಿಸಲಿಗೆ ಬ್ಯಾರೆ ಇಟ್ಟೀ!"

"ಹಂಗಾರ ಬೆಣ್ಣಿ ಹಚ್ಚಲಿ?"

"ಹಚ್ಚು. ಓಣಿ ನಾಯಿ ಎಲ್ಲಾ ಬಂದು ಕುಬಸದ ಊಟ ಮಾಡ್ತಾವ."

ಅನ್ನಮ್ಮನಿಗೆ ನಗು ಬರಲಿಲ್ಲ. ಕಣ್ಣು ತುಂಬಿತು.

ಆಯಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂಟನ್ನು ಒರೆಸಿದಳು. ತನ್ನ ತಲೆಗೆ ಹಚ್ಚುವ ಹರಳೆಣ್ಣೆಯ ಕುಡಿಕೆ ತಂದು ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡಿದಳು.

"ಇದು ಒಣಗೂದಿಲ್ಲ, ತೊಗಲಿನ ಒಳಗ ಇಳೀತೈತಿ. ಸ್ವಲ್ಪ ಹಚ್ಚು, ಭಾಳ ತಿಕ್ಕು. ಆಮ್ಯಾಲೆ ನೆಳ್ಳಾಗ ಇಡು."

ತಿಕ್ಕುತ್ತಾ ಅನ್ನಮ್ಮ ಕೇಳಿದಳು, "ಆಯೀ, ಅಪ್ಪನ ಚಪ್ಪಲಿ ಹಳೇವು. ಆದ್ರೂ ಮೆತ್ತಗ ಅದಾವಲ್ಲ?"

"ಅಂವ ದಿನಾ ಮೆಟ್ತಾನ. ಎಣ್ಣಿ ಅರ್ಧ ಕೆಲಸ ಮಾಡ್ತೈತಿ, ಉಳಿದದ್ದು ಕಾಲು ಮಾಡಬೇಕು."

"ಅವ್ವ ಯಾಕ ದಿನಾ ಮೆಟ್ಟೂದಿಲ್ಲ?"



ಆಗಿನ ಕಾಲದಲ್ಲಿ ಊರೊಳಗೆ, ಹಿರಿಯರ ಮುಂದೆ, ಸೊಸೆಯರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅವ್ವ ಅವನ್ನು ಸೆರಗಿನೊಳಗೆ ಮುಚ್ಚಿ ಹಿಡಿದು, ಊರ ಅಗಸೆ ಬಾಗಿಲು ದಾಟಿದ ಮೇಲೆ ಮೆಟ್ಟುವಳು. ಅನ್ನಮ್ಮ ಎಷ್ಟೋ ಸಲ ನೋಡಿದ್ದಳು. ಕೇಳಿದ್ದು ಇದೇ ಮೊದಲು.

"ನಾನೂ ಮೆಟ್ಟಲಿಲ್ಲವ್ವಾ," ಎಂದಳು ಆಯಿ.

ಅನ್ನಮ್ಮ ಆಯಿಯ ಒಡೆದ ಹಿಮ್ಮಡಿಯನ್ನು ನೋಡಿದಳು.

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಚಪ್ಪಲಿಯನ್ನು ಸೆರಗಿನೊಳಗೆ ಸೇರಿಸಿದಳು. ಬಾಗಿಲಲ್ಲಿ ನಿಂತಿದ್ದ ಆಯಿ ಕರೆದಳು.

"ಕಳಕವ್ವಾ, ಇಲ್ಲೇ ಮೆಟ್ಟು."

"ಅತ್ತೀ, ಕಟ್ಟಿ ಮ್ಯಾಲೆ ಹಿರ್ಯಾರು ಕುಂತಾರ್ರಿ."

"ಕುಂದರ್ಲಿ. ಕೂಸು ತಿಕ್ಕಿ ತಿಕ್ಕಿ ಕೈ ಕೆಂಪಗ ಮಾಡ್ಕೊಂಡೈತಿ. ಯಾರರ ಕೇಳಿದ್ರ, ನಮ್ಮತ್ತಿ ಮೆಟ್ಟು ಅಂದಾಳ ಅನ್ನು."

ಅವ್ವ ಮೆಲ್ಲಗೆ ಕಾಲು ತೂರಿಸಿದಳು. ಚಪ್ಪಲಿ ಕಿರ್ ಎಂದಿತು. ಬಗ್ಗಿತು. ಕಟ್ಟೆಯ ಮುಂದೆ ಹಾಯುವಾಗ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ನಿಲ್ಲಲಿಲ್ಲ.

ಕಿರ್ ಕಿರ್ ಸದ್ದು ಕೇಳಿಸದಾದ ಮೇಲೆ ಅನ್ನಮ್ಮ ಒಳಗಿನಿಂದ ಕುಡಿಕೆ ತಂದಳು. ಆಯಿಯನ್ನು ಹೊಸ್ತಿಲ ಬಳಿ ಕೂಡಿಸಿ, ಅವಳ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಹಿಮ್ಮಡಿಗೆ ಹರಳೆಣ್ಣೆ ಸ್ವಲ್ಪವೇ ಹಚ್ಚಿದಳು. ಬಹಳ ಹೊತ್ತು ತಿಕ್ಕಿದಳು.